ಸಮಕಾಲೀನರು ಯಾರು? ಜೆ. ಸ್ವಾಮಿನಾಥನ್ ಮತ್ತು ಭೋಪಾಲದ ರೂಪಂಕರ್

ಜಗದೀಶ್ ಸ್ವಾಮಿನಾಥನ್ (1928–1994) ಅವರ ಬದುಕನ್ನು ಸಾಮಾನ್ಯವಾಗಿ ಮೂರು ಘಟ್ಟಗಳಾಗಿ ವಿಂಗಡಿಸುವ ರೂಢಿಯಿದೆ: ಮೊದಲು ಕಮ್ಯುನಿಸ್ಟ್ ಕಾರ್ಯಕರ್ತ ಹಾಗೂ ಪತ್ರಕರ್ತ, ಆಮೇಲೆ ಚಿತ್ರಕಾರ, ಕೊನೆಗೆ ಭೋಪಾಲದ ಭಾರತ ಭವನದಲ್ಲಿ ಕಲಾ ಸಂಗ್ರಹಾಲಯ ಕಟ್ಟಿದವರು. ಅನುಕೂಲದ ವಿಂಗಡಣೆಯೇನೋ ಹೌದು. ಆದರೆ ಇದರಿಂದ ಸಂಗ್ರಹಾಲಯದ ಕೆಲಸ ಹಿರಿಯ ಕಲಾವಿದರೊಬ್ಬರಿಗೆ ಒಲಿದು ಬಂದ ಸರ್ಕಾರಿ ಹುದ್ದೆಯಂತೆ ಕಾಣತೊಡಗುತ್ತದೆ. 1963ರಲ್ಲಿ ಬರಹದಲ್ಲಿ ತೆಗೆದ ಜಗಳವನ್ನೇ ಅವರು 1982ರಲ್ಲಿ ಗ್ಯಾಲರಿಯ ಗೋಡೆಗಳ ಮೇಲೆ ಮುಂದುವರಿಸಿದರು ಎಂಬುದು ನನ್ನ ವಾದ.

ಶಿಮ್ಲಾದಲ್ಲಿ ತಮಿಳು ಕುಟುಂಬದಲ್ಲಿ ಹುಟ್ಟಿದ ಸ್ವಾಮಿನಾಥನ್ ದೆಹಲಿಯಲ್ಲಿ ಸಂಜೆ ತರಗತಿಗಳಿಗೆ ಹೋಗಿ ಚಿತ್ರಕಲೆ ಕಲಿತರು, ವಾರ್ಸಾದಲ್ಲೂ ಸ್ವಲ್ಪಕಾಲ ಓದಿದರು. 'ಲಿಂಕ್' ವಾರಪತ್ರಿಕೆಗೆ ಬರೆದ ಕಲಾವಿಮರ್ಶೆಗಳಿಂದ ಅವರ ಹೆಸರು ಚರ್ಚೆಗೆ ಬಂತು. 1962ರಲ್ಲಿ ಭಾವನಗರದ ಮನೆಯೊಂದರಲ್ಲಿ ಸ್ವಾಮಿನಾಥನ್ ಸೇರಿದಂತೆ ಹನ್ನೆರಡು ಮಂದಿ ಕಲಾವಿದರು ಗುಂಪು ಕಟ್ಟಿದರು; ಆ ಮನೆಯ ನಂಬರೇ ಗುಂಪಿನ ಹೆಸರಾಯಿತು, 'ಗ್ರೂಪ್ 1890'. ಮರುವರ್ಷ ದೆಹಲಿಯಲ್ಲಿ ನಡೆದ ಅದರ ಪ್ರದರ್ಶನವನ್ನು ನೆಹರೂ ಉದ್ಘಾಟಿಸಿದರು. ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೋ ಪಾಜ್ ಕೆಟಲಾಗಿಗೆ ಮುನ್ನುಡಿ ಬರೆದರು. ಗುಂಪು ಇನ್ನೊಂದು ಪ್ರದರ್ಶನ ಮಾಡಲಿಲ್ಲ. ಆದರೆ ಅದಕ್ಕಾಗಿ ಸ್ವಾಮಿನಾಥನ್ ಬರೆದ ಪ್ರಣಾಳಿಕೆ ಉಳಿಯಿತು. ರವಿವರ್ಮನ ವಾಸ್ತವಿಕತೆ, ಬಂಗಾಳ ಶೈಲಿಯ ಗ್ರಾಮೀಣ ಆದರ್ಶ, ಯುರೋಪಿನ ಆಧುನಿಕತೆಯ ಅನುಕರಣೆ, ಮೂರನ್ನೂ ಅದು ಒಂದೇ ಏಟಿಗೆ ತಳ್ಳಿಹಾಕುತ್ತದೆ. ತಳ್ಳಿಹಾಕಿದ ಮೇಲೆ ಉಳಿಯುವುದೇನು? ಪ್ರಣಾಳಿಕೆಯಲ್ಲಿ ಇದಕ್ಕೆ ಗಟ್ಟಿಯಾದ ಉತ್ತರವಿಲ್ಲ. 1968ರಲ್ಲಿ ನೆಹರೂ ಫೆಲೋಶಿಪ್ ಪಡೆದು, ಪರಂಪರೆಯ ದೈವಿಕ ಸಂಕೇತಗಳಿಗೂ ಇಂದಿನ ಕಲೆಗೂ ಇರುವ ನಂಟನ್ನು ಅಧ್ಯಯನಕ್ಕೆ ಆರಿಸಿಕೊಂಡಾಗ ಅವರು ಆ ಉತ್ತರವನ್ನೇ ಅರಸುತ್ತಿದ್ದರು.

ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಭಾರತ ಭವನ 1982ರ ಫೆಬ್ರವರಿಯಲ್ಲಿ ತೆರೆಯಿತು. ಅದರ ಕಲಾ ವಿಭಾಗವಾದ ರೂಪಂಕರ್‌ಗೆ ಸ್ವಾಮಿನಾಥನ್ ನಿರ್ದೇಶಕರಾದರು. ವಸ್ತುಗಳನ್ನು ಕಲೆಹಾಕಲು ಅವರು ಯುವ ಕಲಾವಿದರನ್ನೂ ವಿದ್ಯಾರ್ಥಿಗಳನ್ನೂ ತಂಡತಂಡವಾಗಿ ಮಧ್ಯಪ್ರದೇಶದ ಹಳ್ಳಿಗಳಿಗೆ ಕಳಿಸಿದರು. ಮಾನವಶಾಸ್ತ್ರಜ್ಞರ ಬದಲು ಕಲಾವಿದರೇ ಹೋದದ್ದು ಮುಖ್ಯ: ಆಚರಣೆಯ ದಾಖಲೆಗಿಂತ ಕೈಯ ಗೆರೆಯನ್ನು ಗುರುತಿಸಬಲ್ಲ ಕಣ್ಣು ಅವರಿಗೆ ಬೇಕಿತ್ತು. ಹೀಗೆ ಬಂದ ಆದಿವಾಸಿ, ಜಾನಪದ ಕೃತಿಗಳಿಗೂ ನಗರದ ಕಲಾವಿದರ ಕೃತಿಗಳಿಗೂ ರೂಪಂಕರ್‌ನಲ್ಲಿ ಒಂದೇ ಸೂರು, ಸಮಾನ ದರ್ಜೆ. ಒಂದೇ ಕಾಲದಲ್ಲಿ ಬದುಕಿ ಕೆಲಸ ಮಾಡುತ್ತಿರುವವರೆಲ್ಲ ಸಮಕಾಲೀನರೇ ಎಂಬ ಅವರ ನಿಲುವು, 1987ರ 'ದ ಪರ್ಸೀವಿಂಗ್ ಫಿಂಗರ್ಸ್' ಪುಸ್ತಕದ ಹಿಂದೆಯೂ ಇದೆ.

ನಿಲುವು ಸರಳ, ಪರಿಣಾಮ ಸರಳವಲ್ಲ. ಪಾಟನ್‌ಗಢದಲ್ಲಿ ಮನೆಯ ಗೋಡೆಯ ಮೇಲೆ ಚಿತ್ರ ಬಿಡಿಸುತ್ತಿದ್ದ ಪರಧಾನ್ ಗೊಂಡ ಯುವಕ ಜನಗಢ್ ಸಿಂಗ್ ಶ್ಯಾಮ್ ಈ ತಂಡವೊಂದರ ಕಣ್ಣಿಗೆ ಬಿದ್ದು ಭೋಪಾಲಕ್ಕೆ ಬಂದರು. ಭಾರತ ಭವನದ ಗ್ರಾಫಿಕ್ಸ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಗೊಂಡರ ಮನೆಗಳಿಗೆ ಹೋಗಿ ಬಾನಾ ವಾದ್ಯ ನುಡಿಸುತ್ತ ದೇವರ, ವಂಶದ ಕತೆ ಹಾಡುವುದು ಪರಧಾನರ ಕಸುಬು. ಹಾಡಿನಲ್ಲಿದ್ದ ಆ ದೇವತೆಗಳಿಗೆ ಜನಗಢ್ ಕಾಗದದ ಮೇಲೆ, ಕ್ಯಾನ್ವಾಸಿನ ಮೇಲೆ ಮೈ ಕೊಟ್ಟರು. ಚುಕ್ಕಿ, ಗೆರೆಗಳಿಂದ ತುಂಬಿದ ಈ ಬಗೆ ಅವರದೇ ಸೃಷ್ಟಿ. ಇಂದು 'ಗೊಂಡ ಕಲೆ' ಎಂದು ಮಾರುಕಟ್ಟೆ ಕರೆಯುವುದರ ಬಹುಭಾಗ ಇಲ್ಲಿಂದಲೇ ಹೊರಟದ್ದು. 1989ರಲ್ಲಿ ಪ್ಯಾರಿಸ್ಸಿನ 'ಮಾಜಿಸಿಯೆಂ ದ ಲಾ ತೆರ್' ಪ್ರದರ್ಶನಕ್ಕೂ ಅವರ ಕೃತಿಗಳು ಹೋದವು.

ಸ್ವಾಮಿನಾಥನ್ ಅವರ ಸಿದ್ಧಾಂತ ಸ್ವಲ್ಪ ಮುಗ್ಗರಿಸುವುದೂ ಇಲ್ಲಿಯೇ. ಆದಿವಾಸಿ ಕಲೆಯಲ್ಲಿ ಇತಿಹಾಸದ ಆಚೆಗಿನ, ಕಾಲಾತೀತವಾದ ಶಕ್ತಿಯೊಂದನ್ನು ಅವರು ಹುಡುಕುತ್ತಿದ್ದರು. ಸಿಕ್ಕವರೋ ಊರು ಬಿಟ್ಟು, ಸಾಮಗ್ರಿ ಬದಲಿಸಿ, ಸಂಬಳಕ್ಕೆ ದುಡಿಯುತ್ತ ಹೊಸದನ್ನು ಕಟ್ಟಿದ ಒಬ್ಬ ವ್ಯಕ್ತಿ, ಅಂದರೆ ಸ್ವತಃ ಸ್ವಾಮಿನಾಥನ್ ಅವರಷ್ಟೇ ಆಧುನಿಕರು. ಕ್ಯುರೇಟರ್ ಆಗಿ ಅವರು ತೋರಿದ ಧೈರ್ಯ ಅವರ ತತ್ತ್ವಕ್ಕಿಂತ ಒಂದು ಹೆಜ್ಜೆ ಮುಂದಿತ್ತು ಎನ್ನಬೇಕು. ಜನಗಢ್ 2001ರಲ್ಲಿ ಜಪಾನಿನ ಮಿಥಿಲಾ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದಾಗಲೇ ತೀರಿಕೊಂಡರು. ಸಮಾನ ದರ್ಜೆ ಎಂಬುದು ಗ್ಯಾಲರಿಯ ಗೋಡೆ ದಾಟಿ ದುಡಿಮೆಯ ಷರತ್ತುಗಳವರೆಗೆ ಹೋಗಿತ್ತೇ ಎಂಬ ಪ್ರಶ್ನೆ ಅಲ್ಲಿಂದಾಚೆಗೆ ಜೋರಾಯಿತು.

ಕೊಡುಕೊಳ್ಳುವಿಕೆ ಒಮ್ಮುಖವಾಗಿರಲಿಲ್ಲ. ಎಪ್ಪತ್ತರ ದಶಕದ ಸ್ವಾಮಿನಾಥನ್ ಚಿತ್ರಗಳಲ್ಲಿ ಹಕ್ಕಿ, ಬೆಟ್ಟ, ಮರಗಳು ನಯವಾದ ಬಣ್ಣದ ಬಯಲಿನಲ್ಲಿ ತೇಲುತ್ತವೆ. ಭೋಪಾಲದ ವರ್ಷಗಳ ನಂತರದ ಕ್ಯಾನ್ವಾಸುಗಳು ಒರಟು: ಮಣ್ಣುಬಣ್ಣ, ತ್ರಿಕೋನಗಳು, ಗೋಡೆಯ ಮೇಲೆ ಕೈಯಿಂದ ಎಳೆದಂಥ ಗುರುತುಗಳು. ಸಂಗ್ರಹಾಲಯ ಅವರ ಸ್ಟುಡಿಯೋವನ್ನೇ ಬದಲಿಸಿತ್ತು.