ಟೊಲೆಡೊ ನಗರ ಕಲಿಸುವ ಪಾಠ

ಪಾಶ್ಚಾತ್ಯ ನಾಗರಿಕತೆಯ ಏಳಿಗೆ ಎಂದೊಡನೆ ನಮಗೆ ಹಡಗು, ಫಿರಂಗಿ, ಕಾರ್ಖಾನೆಗಳು ನೆನಪಾಗುತ್ತವೆ. ಅವೆಲ್ಲಕ್ಕೂ ಮೊದಲೇ ಯುರೋಪಿನ ವಿದ್ವಾಂಸರು ಪರರ ಭಾಷೆಯನ್ನು ಕಲಿತಿದ್ದರೆಂಬುದು ನಿಮಗೆ ತಿಳಿದಿದೆಯೇ?

1085ರಲ್ಲಿ ಸ್ಪೇನಿನ ಟೊಲೆಡೊ ನಗರವು ಮುಸ್ಲಿಮರ ಕೈತಪ್ಪಿ ಕ್ರೈಸ್ತ ದೊರೆ ಆರನೇ ಅಲ್ಫಾನ್ಸೊನ ವಶವಾಯಿತು. ಆದರೆ ಅರಬ್ಬಿ ಗ್ರಂಥಗಳು ಅಲ್ಲೇ ಉಳಿದವು. ಮುಂದಿನ ಶತಮಾನದಲ್ಲಿ ಇಟಲಿಯ ಕ್ರೆಮೋನಾದ ಜೆರಾರ್ಡ್ ಎಂಬ ವಿದ್ವಾಂಸರು ಟಾಲೆಮಿಯ ಖಗೋಳ ಗ್ರಂಥವನ್ನು ಹುಡುಕುತ್ತಾ ಅಲ್ಲಿಗೆ ಬಂದರು. ಗ್ರೀಕ್ ಮೂಲದ ಆ ಕೃತಿ ಅಲ್ಲಿ ದೊರೆತದ್ದು ಅರಬ್ಬಿಯಲ್ಲಿ. ಅದಕ್ಕಾಗಿ ಅವರು ಅರಬ್ಬಿ ಕಲಿತರು. 1187ರಲ್ಲಿ ನಿಧನರಾಗುವುದರೊಳಗೆ 70ಕ್ಕೂ ಹೆಚ್ಚು ಗ್ರಂಥಗಳನ್ನು ಲ್ಯಾಟಿನ್ನಿಗೆ ಅನುವಾದಿಸಿದರು. ಅಲ್ ಖ್ವಾರಿಝ್ಮಿಯವರ ಬೀಜಗಣಿತವೂ ಇಬ್ನ್ ಸೀನಾರ ವೈದ್ಯಗ್ರಂಥ 'ಅಲ್ ಖಾನೂನ್' ಕೂಡ ಅವುಗಳಲ್ಲಿ ಸೇರಿದ್ದವು.

ಅದೇ 1187ರಲ್ಲಿ ಸುಲ್ತಾನ್ ಸಲಾಹುದ್ದೀನ್ ಜೆರುಸಲೇಮನ್ನು ಗೆದ್ದರು. ಅಂದರೆ ಕ್ರುಸೇಡ್ ಯುದ್ಧಗಳ ನಡುವೆಯೂ ಯುರೋಪು ಎದುರಾಳಿಯ ಪುಸ್ತಕಗಳನ್ನು ಓದುತ್ತಿತ್ತು!

ಧರ್ಮಪಂಡಿತರೂ ಇದರಿಂದ ದೂರ ಉಳಿಯಲಿಲ್ಲ. ಅರಿಸ್ಟಾಟಲನ ಕೃತಿಗಳಿಗೆ ಕಾರ್ಡೋವಾದ ಇಬ್ನ್ ರುಶ್ದ್ ವ್ಯಾಖ್ಯಾನ ಬರೆದಿದ್ದರು. 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಅವರ ಕೆಲವು ವಾದಗಳನ್ನು ಬಲವಾಗಿ ಖಂಡಿಸಿದರು. ಆದರೂ ಅವರನ್ನು 'ವ್ಯಾಖ್ಯಾನಕಾರ' ಎಂದೇ ಗೌರವದಿಂದ ಉಲ್ಲೇಖಿಸಿದರು.

'ಇದೆಲ್ಲ ನಮ್ಮವರ ಕೊಡುಗೆ' ಎಂದು ನಾವು ಸಭೆಗಳಲ್ಲಿ ಹೆಮ್ಮೆಪಡುತ್ತೇವೆ. ಆದರೆ ಬಗ್ದಾದಿನ ವಿದ್ವಾಂಸರು ಸಹ ಗ್ರೀಕರಿಂದ ತತ್ವಶಾಸ್ತ್ರವನ್ನೂ ಭಾರತದಿಂದ ಅಂಕಿಗಳನ್ನೂ ಕಲಿತವರೇ. ಕಲಿಯುತ್ತಿದ್ದಾಗ ಅವರು ಬೆಳೆದರು. ಕಲಿತಾಗ ಯುರೋಪೂ ಬೆಳೆಯಿತು. ಪೂರ್ವಜರ ಹೆಸರು ಹೇಳುವ ನಾವು, ಅವರಂತೆ ಇಂದು ಯಾರಿಂದ ಏನನ್ನು ಕಲಿಯುತ್ತಿದ್ದೇವೆ? ಯೋಚಿಸಿರಿ.