ಕ್ಷಯರೋಗಿಯಾದ ಯೋಧ: ಜೋಸೆಫ್ ಪ್ಲಂಕೆಟ್‌ನ ಕೊನೆಯ ವರ್ಷಗಳು

ಕಲಬುರಗಿ ನಗರದಲ್ಲಾಗಲಿ ಕಮಲಾಪುರದ ಹಳ್ಳಿಗಳಲ್ಲಾಗಲಿ ಕ್ಷಯರೋಗಿಯ ಮನೆಗೆ ಪ್ರಾರ್ಥನೆಗೆಂದು ಹೋಗುವ ಸಭಾಪಾಲಕರು ಆ ರೋಗಿಯಲ್ಲಿ ಯಾರನ್ನು ಕಾಣಬೇಕು? ಕೇವಲ ಕನಿಕರಕ್ಕೆ ಪಾತ್ರನಾದವನನ್ನೋ, ದೇವರ ಮುಂದೆ ತನ್ನ ನಡೆಗೆ ತಾನೇ ಉತ್ತರ ಕೊಡಬೇಕಾದ ಪೂರ್ಣ ಮನುಷ್ಯನನ್ನೋ? ಐರ್ಲೆಂಡಿನ ಯೋಧನೊಬ್ಬನ ಬದುಕಿನ ಬೆಳಕಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಜೋಸೆಫ್ ಮೇರಿ ಪ್ಲಂಕೆಟ್ 1887ರಲ್ಲಿ ಡಬ್ಲಿನ್ ನಗರದ ಸಿರಿವಂತ ಕಥೋಲಿಕ ಮನೆತನದಲ್ಲಿ ಜನಿಸಿದನು. ಎಳೆವಯಸ್ಸಿನಲ್ಲಿಯೇ ಕ್ಷಯವು ಅವನನ್ನು ಹಿಡಿಯಿತು. ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ಗುರುತಿಸಿದ್ದರೂ ಅದನ್ನು ಕೊಲ್ಲುವ ಮದ್ದು ಇನ್ನೂ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ವಿಶ್ರಾಂತಿ, ಒಳ್ಳೆಯ ಆಹಾರ, ಬೆಚ್ಚಗಿನ ಹವೆ, ಇಷ್ಟನ್ನೇ ವೈದ್ಯರು ಹೇಳಬಲ್ಲವರಾಗಿದ್ದರು. ಅಂಥ ಹವೆಯನ್ನರಸಿ ಅವನು ಅಲ್ಜಿಯರ್ಸ್‌ಗೆ ಹೋಗಿದ್ದನು. 1911ರಲ್ಲಿ ಅವನ ಕವನ ಸಂಕಲನ ಪ್ರಕಟವಾಯಿತು. ಸೃಷ್ಟಿಯಲ್ಲೆಲ್ಲ ಕ್ರಿಸ್ತನನ್ನು ಕಾಣುವ ಅನುಭಾವಿಯ ದೃಷ್ಟಿ ಅವನ ಕಾವ್ಯದಲ್ಲಿದೆ.

ಕವಿತೆ ಬರೆದ ಅದೇ ಕೈ ಯುದ್ಧದ ಯೋಜನೆಯನ್ನೂ ಬರೆಯಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಸಿದ್ಧವಾಗುತ್ತಿದ್ದ ಐರಿಷ್ ಸ್ವಯಂಸೇವಕ ಪಡೆಯ ಸೈನಿಕ ಕಾರ್ಯಾಚರಣೆಗಳ ಹೊಣೆ ಅವನದಾಗಿತ್ತು. 1916ರ ಏಪ್ರಿಲ್‌ನಲ್ಲಿ ಅವನ ಕೊರಳಿನ ಕ್ಷಯಗ್ರಂಥಿಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಯುವ ಮುನ್ನವೇ, ಈಸ್ಟರ್ ಹಬ್ಬದ ಮರುದಿನವಾದ ಏಪ್ರಿಲ್ 24ರಂದು, ಕೊರಳಿಗೆ ಪಟ್ಟಿ ಕಟ್ಟಿಕೊಂಡೇ ಅವನು ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯನ್ನು ವಶಪಡಿಸಿಕೊಂಡವರ ಜೊತೆಗೂಡಿದನು. 29ರಂದು ದಂಗೆಕಾರರು ಶರಣಾದರು. ಮೇ 3ರ ರಾತ್ರಿ ಕಿಲ್‌ಮೇನಮ್ ಸೆರೆಮನೆಯ ಪ್ರಾರ್ಥನಾಲಯದಲ್ಲಿ ಗುರುಗಳಾದ ಯೂಜೀನ್ ಮೆಕಾರ್ಥಿಯವರು ಅವನಿಗೂ ಗ್ರೇಸ್ ಗಿಫರ್ಡ್ ಎಂಬ ಕಲಾವಿದೆಗೂ ವಿವಾಹ ನೆರವೇರಿಸಿದರು. ಮರುದಿನ ಬೆಳಗಿನ ಜಾವ ಅವನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವನಿಗೆ 28 ವರ್ಷ.

ಈ ಚರಿತ್ರೆಯನ್ನು ಎರಡು ಸುಲಭ ರೀತಿಗಳಲ್ಲಿ ಹೇಳಬಹುದು. ಹೇಗೂ ಸಾಯಲಿದ್ದವನು, ಆದುದರಿಂದ ಸಾವಿಗೆ ಹೆದರಲಿಲ್ಲ ಎನ್ನುವುದು ಒಂದು. ನರಳಿದ ದೇಹವನ್ನೇ ಕಾಣಿಕೆಯಾಗಿ ಅರ್ಪಿಸಿದ ರಕ್ತಸಾಕ್ಷಿ ಎನ್ನುವುದು ಇನ್ನೊಂದು. ಮೊದಲನೆಯದು ಅವನ ಆಯ್ಕೆಯನ್ನು ರೋಗದ ಲಕ್ಷಣವಾಗಿಸುತ್ತದೆ. ಎರಡನೆಯದು ಆ ವಾರದಲ್ಲಿ ಸತ್ತ 400ಕ್ಕೂ ಹೆಚ್ಚು ಜನರನ್ನು ಮರೆಮಾಡುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಾಮಾನ್ಯ ನಾಗರಿಕರು. ರೋಗವು ಅವನ ಕೃತ್ಯವನ್ನು ಮನ್ನಿಸುವುದೂ ಇಲ್ಲ, ಪವಿತ್ರಗೊಳಿಸುವುದೂ ಇಲ್ಲ ಎಂಬುದೇ ನಮ್ಮ ಅಭಿಪ್ರಾಯ. ಅವನನ್ನು ತನ್ನ ನಡೆಗೆ ತಾನೇ ಹೊಣೆಯಾದವನೆಂದು ಎಣಿಸುವುದೇ ಅವನಿಗೆ ಸಲ್ಲಬೇಕಾದ ಗೌರವ.

ವಿವಾಹ ಸಂಸ್ಕಾರಕ್ಕೆ ಸ್ವತಂತ್ರ ಸಮ್ಮತಿ ಅಗತ್ಯ. ಮರಣದ ಹಿಂದಿನ ರಾತ್ರಿಯೂ ಸಭೆಯು ಆ ರೋಗಿಯ ಸಮ್ಮತಿಯನ್ನು ಕೇಳಿತು. ಬೇತ್ಸಥದ ಕೊಳದ ಬಳಿ 38 ವರ್ಷಗಳಿಂದ ರೋಗಿಯಾಗಿದ್ದವನನ್ನು ಯೇಸುಸ್ವಾಮಿ ಮೊದಲು ಕೇಳಿದ್ದು ಅವನ ಇಚ್ಛೆಯನ್ನು. ಗುಣವಾದ ಮೇಲೆ ಇನ್ನು ಪಾಪಮಾಡದಿರುವಂತೆ ಎಚ್ಚರಿಸಿದರು. ಇಂದು ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಕ್ಷಯವು ವಾಸಿಯಾಗುತ್ತದೆ. ನಮ್ಮ ಊರುಗಳ ರೋಗಿಗೆ ಔಷಧ ತಪ್ಪದಂತೆ ನೋಡಿಕೊಳ್ಳುವುದು ಸಭೆಯ ಪ್ರೀತಿ. ಅವನ ಮಾತನ್ನು ಕೇಳುವುದು, ಅಗತ್ಯವಾದಾಗ ಅವನೊಡನೆ ವಾದಿಸುವುದೂ ಅದೇ ಪ್ರೀತಿಯ ಭಾಗ.