ಕೇಳುವ ಮಾತು, ಕೊಡುವ ಒಪ್ಪಿಗೆ: ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರ ಸಂಶೋಧನೆಯ ಹಾದಿ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1916ರಲ್ಲಿ, ಕಲ್ಕತ್ತ ವಿಶ್ವವಿದ್ಯಾನಿಲಯ ಈ ಶಾಸ್ತ್ರಕ್ಕೆ ಪ್ರಯೋಗಾಲಯ ತೆರೆದಿತ್ತು. ಬ್ರಜೇಂದ್ರನಾಥ ಶೀಲರಿಗೆ ಎರಡೂ ಕಡೆಯ ನಂಟಿತ್ತು: ಕಲ್ಕತ್ತಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರೂಪಿಸಿಕೊಟ್ಟಿದ್ದ ಅವರು 1921ರಿಂದ 1930ರವರೆಗೆ ಮೈಸೂರಿನ ಕುಲಪತಿಗಳಾಗಿದ್ದರು. ಮೈಸೂರಿನ ವಿಭಾಗವನ್ನು ಕಟ್ಟಿ ಬೆಳೆಸಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಓದಿ ಬಂದಿದ್ದ ಅವರು ಬುದ್ಧಿಶಕ್ತಿಗೂ ಕೈಚಲನೆಯ ಕಲಿಕೆಗೂ ಇರುವ ಸಂಬಂಧದ ಮೇಲೆ ಕೆಲಸ ಮಾಡಿದ್ದರು.

ಆ ಕಾಲದ ಪ್ರಯೋಗಾಲಯಗಳು ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿಯಲ್ಲಿ ನಡೆಯುತ್ತಿದ್ದವು. ಮನಸ್ಸನ್ನು ಕುರಿತು ಏನೇ ಹೇಳುವುದಿದ್ದರೂ ಅಳತೆ ಮಾಡಿ ಹೇಳಬೇಕು, ಅದೇ ಅಳತೆಯನ್ನು ಇನ್ನೊಬ್ಬರು ಮಾಡಿದರೂ ಅದೇ ಉತ್ತರ ಬರಬೇಕು ಎಂಬುದು ಅಲ್ಲಿನ ಕಟ್ಟಳೆ. ಇಂದಿಗೂ ಮೊದಲ ವರ್ಷದ ವಿದ್ಯಾರ್ಥಿಗಳು ಮಾಡುವ ಕನ್ನಡಿ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಕಾಗದದ ಮೇಲಿನ ನಕ್ಷತ್ರವನ್ನು ನೇರವಾಗಿ ನೋಡದೆ, ಎದುರಿನ ಕನ್ನಡಿಯಲ್ಲಿ ನೋಡುತ್ತ ಅದರ ಅಂಚಿನ ಗುಂಟ ಪೆನ್ಸಿಲು ಎಳೆಯಬೇಕು. ಮೊದಲ ಸಲ ಕೈ ದಿಕ್ಕು ತಪ್ಪುತ್ತದೆ. ಮತ್ತೆ ಮತ್ತೆ ಮಾಡಿದಂತೆ ತಪ್ಪೂ ಸಮಯವೂ ಇಳಿಯುತ್ತವೆ. ಪ್ರತಿ ಸಲದ ತಪ್ಪುಗಳನ್ನು, ಸೆಕೆಂಡುಗಳನ್ನು ಬರೆದಿಟ್ಟರೆ ಕಲಿಕೆಯ ರೇಖೆ ಕಣ್ಣಿಗೆ ಕಾಣುತ್ತದೆ. ಕೂತವರಿಗೆ ಇದರಿಂದ ನೋವಿಲ್ಲ, ಮುಚ್ಚಿಡಬೇಕಾದದ್ದೂ ಇಲ್ಲ. ಇಂಥ ಪ್ರಯೋಗಗಳಲ್ಲಿ ಒಪ್ಪಿಗೆ ಪಡೆಯುವ ಪ್ರಶ್ನೆ ದೊಡ್ಡದಾಗಿ ಏಳಲಿಲ್ಲ.

ನೀತಿಯ ಪ್ರಶ್ನೆ ಎದ್ದದ್ದು ಅಳತೆ ಮಾತಿನ ಮೂಲಕ ನಡೆಯತೊಡಗಿದಾಗ. ಪ್ಯಾರಿಸ್ಸಿನ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಶಾಲಾಮಕ್ಕಳಿಗಾಗಿ ಮಾಡಿದ ಬುದ್ಧಿಪರೀಕ್ಷೆ ಹಲವು ದೇಶಗಳಿಗೆ ಹರಡಿತು. 1930ರ ದಶಕದಲ್ಲಿ ವಿ.ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಧಾರವಾಡದ ಮಕ್ಕಳ ಮೇಲೆ ಪರೀಕ್ಷಿಸಿ ರೂಪಿಸಿದ ಈ ಆವೃತ್ತಿಗೆ ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂಬ ಹೆಸರು ಬಂತು; ಇಂದು ಅದು ಬಿನೆ-ಕಾಮತ್ ಪರೀಕ್ಷೆ ಎಂದೇ ಪರಿಚಿತ.

ಹೊಂದಿಸುವುದೆಂದರೆ ಅನುವಾದವಷ್ಟೇ ಅಲ್ಲ. ಒಂದು ಭಾಷೆಯಲ್ಲಿ ಆರು ವರ್ಷದ ಮಗುವಿಗೆ ಗೊತ್ತಿರುವ ಪದ ಇನ್ನೊಂದು ಭಾಷೆಯಲ್ಲಿ ಹತ್ತು ವರ್ಷಕ್ಕೂ ಗೊತ್ತಿಲ್ಲದಿರಬಹುದು. ಮಗು ಕಂಡಿರದ ವಸ್ತುವಿನ ಚಿತ್ರ ತೋರಿಸಿ ಇದೇನೆಂದು ಕೇಳಿದರೆ ಅಳತೆಗೆ ಸಿಗುವುದು ಅದರ ಬುದ್ಧಿಯಲ್ಲ, ಅದರ ಮನೆಯ ಸ್ಥಿತಿ. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ಸ್ಥಳೀಯ ಮಕ್ಕಳಿಗೆ ಕೇಳಿ, ಯಾವ ವಯಸ್ಸಿನವರು ಉತ್ತರಿಸುತ್ತಾರೆಂದು ನೋಡಿ, ಅದರ ಜಾಗವನ್ನು ಹೊಸದಾಗಿ ಗೊತ್ತುಮಾಡಬೇಕು. ಪಠ್ಯಪುಸ್ತಕಗಳು ಪ್ರಮಾಣೀಕರಣ ಎನ್ನುವುದು ಇದನ್ನೇ. ಇದು ವಿಧಾನದ ಮಾತು, ಜೊತೆಗೆ ನ್ಯಾಯದ ಮಾತು ಕೂಡ. ತನಗೆ ತಿಳಿಯದ ಮಾತಿನಲ್ಲಿ ಪರೀಕ್ಷೆಗೆ ಒಳಗಾಗಿ ‘ಮಂದಬುದ್ಧಿ’ ಎನ್ನಿಸಿಕೊಂಡ ಮಗುವಿಗೆ ಆಗುವ ಅನ್ಯಾಯ ಜೀವಮಾನದುದ್ದಕ್ಕೂ ಉಳಿಯುತ್ತದೆ.

1954ರಲ್ಲಿ ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ತರಗತಿ ಶುರುವಾಗಿ, ಪ್ರಯೋಗಾಲಯದ ವಿದ್ಯೆ ರೋಗಿಯ ಹಾಸಿಗೆಯ ಬಳಿಗೆ ಬಂತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಸಂಶೋಧನೆಗೆ ಒಳಗಾಗುವವರು ಈಗ ಕಾಲೇಜು ವಿದ್ಯಾರ್ಥಿಗಳಷ್ಟೇ ಅಲ್ಲ, ಬೇಡ ಎನ್ನಲು ಶಕ್ತಿ ಸಾಲದ ಕಾಯಿಲೆಯವರು. ಚಿಕಿತ್ಸೆ ಕೊಡುವ ವೈದ್ಯರೇ ಅಧ್ಯಯನಕ್ಕೂ ಕರೆದರೆ, ರೋಗಿ ಹೂಂ ಎಂದದ್ದು ಇಷ್ಟಪಟ್ಟೋ ಅಂಜಿಕೆಯಿಂದಲೋ ಎಂದು ಬಿಡಿಸಿ ನೋಡುವುದು ಕಷ್ಟ.

ಆಸ್ಪತ್ರೆಯ ಹೊರಗೆ ನಡೆದ ಅಧ್ಯಯನಗಳಲ್ಲಿ ಕೋಟದ್ದು ಮುಖ್ಯವಾದದ್ದು. ಅವಿಭಜಿತ ದಕ್ಷಿಣ ಕನ್ನಡದ, ಈಗಿನ ಉಡುಪಿ ಜಿಲ್ಲೆಯ ಈ ಊರಿನಲ್ಲಿ ಮನೋವೈದ್ಯರಾದ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಬ್ರಾಹ್ಮಣ, ಬಂಟ, ಮೊಗವೀರ ಎಂಬ ಮೂರು ಸಮುದಾಯಗಳ ಮಾನಸಿಕ ಸ್ವಾಸ್ಥ್ಯವನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ಆಸ್ತಿ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನ ಪದ್ಧತಿ ಸಡಿಲಗೊಳ್ಳುತ್ತಿದ್ದ ಕಾಲದಲ್ಲಿ ಬದಲಾವಣೆ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆ. ಪರದೇಶದ ಪ್ರಶ್ನಾವಳಿಯನ್ನು ಇದ್ದ ಹಾಗೇ ತಂದು ಕೇಳದೆ, ಭಾರತದ ಜನರಿಗೆ ಹೊಂದುವ ಸಂದರ್ಶನ ಪಟ್ಟಿಗಳನ್ನೇ ಅವರ ತಂಡ ಸಿದ್ಧಪಡಿಸಿತು. ಜನ ಯಾರ ಬಳಿ ಪರಿಹಾರಕ್ಕೆ ಹೋಗುತ್ತಾರೆಂದು ವಿಚಾರಿಸುವಾಗ ವೈದ್ಯರ ಜೊತೆಗೆ ಮಂತ್ರವಾದಿಗಳನ್ನೂ ಮೈಮೇಲೆ ದೈವ ಬರುವ ಪಾತ್ರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಪ್ರಶ್ನೆಗಳನ್ನು ಹೀಗೆ ಸ್ಥಳೀಯವಾಗಿ ಹೊಂದಿಸುವ ಅಗತ್ಯ ಕರಾವಳಿಯ ಮಾತು ಬಲ್ಲವರಿಗೆ ತಿಳಿದೇ ಇದೆ. ಅಲ್ಲಿ ‘ಮಂಡೆಬಿಸಿ’ ಎಂದರೆ ಜ್ವರವಲ್ಲ, ಚಿಂತೆ. ಪದವನ್ನು ಪದಕ್ಕೆ ಇಟ್ಟು ಅನುವಾದಿಸುವವನು ಮನಸ್ಸಿನ ದೂರನ್ನು ಮೈಯ ದೂರಾಗಿ ಬರೆದುಕೊಳ್ಳುತ್ತಾನೆ.

ಕೋಟದ ಅಧ್ಯಯನ 1976ರಲ್ಲಿ ಪುಸ್ತಕವಾದಾಗ ಊರಿನ ಹೆಸರು ಶೀರ್ಷಿಕೆಯಲ್ಲೇ ಇತ್ತು. ಅದೇ ವರ್ಷ ಬಂದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ನಲ್ಲಿ ಮೈಸೂರು ಸೀಮೆಯ ಹಳ್ಳಿಗೆ ರಾಮಪುರ ಎಂಬ ಬೇರೆ ಹೆಸರಿದೆ. ಎರಡು ದಾರಿಗೂ ಕಾರಣಗಳುಂಟು. ಹೆಸರು ಹೇಳಿದರೆ ಇನ್ನೊಬ್ಬರು ಹೋಗಿ ಪರಿಶೀಲಿಸಬಹುದು. ಹೆಸರು ಮರೆಸಿದರೆ ಊರಿನವರ ಜಗಳ, ಸಾಲ, ಸಂಸಾರದ ಗುಟ್ಟು ಬಯಲಾಗದೆ ಉಳಿಯುತ್ತದೆ. ಸಂಶೋಧನೆಯ ನೀತಿಯಲ್ಲಿ ಗೋಪ್ಯತೆಯ ಪ್ರಶ್ನೆ ಏಳುವುದು ಈ ಎಳೆದಾಟದಿಂದ.

ಹೊರಗಿನ ಜಗತ್ತಿನಲ್ಲಿ ನಿಯಮಗಳು ಹುಟ್ಟಿದ್ದು ಹಾನಿಯಾದ ಮೇಲೆ. ನಾಜಿ ವೈದ್ಯರ ವಿಚಾರಣೆಯ ನಂತರ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆ ಸ್ವಇಚ್ಛೆಯ ಒಪ್ಪಿಗೆಯನ್ನು ಮೊದಲ ಷರತ್ತಾಗಿ ಇಟ್ಟಿತು. ಅಮೆರಿಕದ ಮನಶ್ಶಾಸ್ತ್ರ ಸಂಘ 1953ರಲ್ಲಿ ತನ್ನ ನೀತಿಸಂಹಿತೆ ಪ್ರಕಟಿಸಿತು. ಆದರೂ 1960ರ ದಶಕದ ಆರಂಭದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ನಡೆಸಿದ ಪ್ರಯೋಗದಲ್ಲಿ, ಇನ್ನೊಬ್ಬನಿಗೆ ನಿಜವಾಗಿ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿಸಲ್ಪಟ್ಟ ಸಾಮಾನ್ಯ ಜನ ಬೆವರಿದರು, ನಡುಗಿದರು. ಸತ್ಯ ಮುಚ್ಚಿಡದೆ ಪ್ರಯೋಗ ಸಾಧ್ಯವೇ ಇಲ್ಲದಿದ್ದರೆ, ಮುಗಿದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಬೇಕು ಎಂಬ ನಿಯಮ ಇಂಥ ಚರ್ಚೆಗಳಿಂದ ಗಟ್ಟಿಯಾಯಿತು.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಮಾನವರ ಮೇಲಿನ ಸಂಶೋಧನೆಗೆ ನೀತಿ ಹೇಳಿಕೆ ಹೊರಡಿಸಿತು. ಅದನ್ನು ರೂಪಿಸಿದ ಸಮಿತಿಗೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಧ್ಯಕ್ಷರು. 2000ದಲ್ಲಿ ಬಂದ ವಿಸ್ತೃತ ಮಾರ್ಗಸೂಚಿಯ ಸಮಿತಿಯನ್ನು ನಡೆಸಿದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ.

ಕರಾವಳಿಯವರು ದುಡಿಯಲು ಹೋದ ನಾಡುಗಳಲ್ಲೂ ಇದೇ ಬಗೆಯ ವ್ಯವಸ್ಥೆ ಬಂತು. ಸೌದಿ ಅರೇಬಿಯಾ 2010ರಲ್ಲಿ ರಾಜಾಜ್ಞೆಯ ಮೂಲಕ ಜೀವಿಗಳ ಮೇಲಿನ ಸಂಶೋಧನೆಗೆ ನೀತಿಯ ಕಾನೂನು ತಂದಿತು. ತಿಳಿದು ಕೊಟ್ಟ ಒಪ್ಪಿಗೆ ಅದರಲ್ಲಿ ಕಡ್ಡಾಯ. ಆ ದೇಶದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2013ರಿಂದ 2016ರವರೆಗೆ 15ರಿಂದ 65 ವರ್ಷದ 4,004 ಜನರನ್ನು ಮುಖಾಮುಖಿ ಮಾತಾಡಿಸಿತು. ಅವರೆಲ್ಲ ಸೌದಿ ಪ್ರಜೆಗಳು. ರಿಯಾದ್‌ನ ಒಲಾಯಾದಲ್ಲಿ ಗಗನಚುಂಬಿ ಕಟ್ಟಡಗಳ ನಡುವೆ ದುಡಿಯುವ ಕನ್ನಡಿಗರು ಆ ಮಾದರಿಯೊಳಗೆ ಬರುವುದಿಲ್ಲ. ಸಮೀಕ್ಷೆಯ ಅಂಕಿಗಳು ಎಷ್ಟೇ ನಿಖರವಾಗಿದ್ದರೂ ಒಲಾಯಾದ ಕನ್ನಡಿಗನ ತಲೆಬಿಸಿಯನ್ನು ಕುರಿತು ಅವುಗಳಿಂದ ಏನನ್ನೂ ಹೇಳಲಾಗದು. ಯಾರನ್ನು ಕೇಳಿದೆಯೋ ಅವರ ಬಗ್ಗೆ ಮಾತ್ರ ಹೇಳು ಎಂಬುದು ಮಾದರಿ ಆಯ್ಕೆಯ ಮೊದಲ ಪಾಠ.

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಕಲಮು ಮಾನಸಿಕ ಕಾಯಿಲೆಯವರನ್ನು ಸಂದರ್ಶಿಸುವ ಸಂಶೋಧನೆಗೂ ಅವರ ಸ್ವತಂತ್ರ ಒಪ್ಪಿಗೆ ಬೇಕೆನ್ನುತ್ತದೆ. ಮಾನಸಿಕ, ದೈಹಿಕ ಅಥವಾ ಔಷಧದ ಪ್ರಯೋಗವಿರುವ ಸಂಶೋಧನೆಯಲ್ಲಿ, ಒಪ್ಪಿಗೆ ಕೊಡಲಾಗದ ಆದರೆ ವಿರೋಧಿಸದ ಸ್ಥಿತಿಯಲ್ಲಿ ಅವರಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. ಅದೇ ವರ್ಷದ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕನ್ನು ಅದರಲ್ಲಿ ತಿಳಿಸಬೇಕು. ಓದು ಬಾರದವರಿಗೆ ಪತ್ರವನ್ನು ಓದಿ ಹೇಳಿ, ಅಧ್ಯಯನಕ್ಕೆ ಸಂಬಂಧವಿಲ್ಲದ, ಓದು ಬಲ್ಲ ಸಾಕ್ಷಿಯೊಬ್ಬರ ಎದುರಿಗೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು.